ಬಯಲಿನಲ್ಲಿ ದುಡಿಯುವವರಿಗೆ ಸೊಳ್ಳೆಗಳನ್ನು ದೂರವಿಡುವ ಬೇವಿನ ಲೇಪನತೈಲ

ಮುಂಗಾರು ಹಿಡಿದಂದಿನಿಂದ ಸಂಕ್ರಾಂತಿಯವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಒಕ್ಕಲು ಮಕ್ಕಳು ಸಂಜೆಯ ಹೊತ್ತನ್ನೂ ರಾತ್ರಿಯ ಮೊದಲ ಜಾವವನ್ನೂ ಮನೆಯ ಹೊರಗೆಯೇ ಕಳೆಯಬೇಕಾಗುವುದು. ಗದ್ದೆಗೆ ನೀರು ತಿರುಗಿಸಬೇಕು, ಅಡಿಕೆ ಸುಲಿಯಬೇಕು, ಕಣದಲ್ಲಿ ರಾಶಿ ಕಾಯಬೇಕು, ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗದಂತೆ ಅಟ್ಟಣೆಯ ಮೇಲೆ ಎಚ್ಚರವಾಗಿರಬೇಕು. ಸೊಳ್ಳೆಗಳು ರಕ್ತವನ್ನು ಹುಡುಕಿಕೊಂಡು ಹೊರಡುವುದೂ ಬಹುಮಟ್ಟಿಗೆ ಇದೇ ಹೊತ್ತಿನಲ್ಲಿ. ಮನೆಯೊಳಗೆ ಮಲಗುವವರಿಗೆ ಸೊಳ್ಳೆಪರದೆಯುಂಟು, ಕಿಟಕಿಗೆ ಜಾಲರಿಯುಂಟು. ಬಯಲಿನಲ್ಲಿ ನಿಂತು ದುಡಿಯುವವನಿಗೆ ಇವೆರಡೂ ಇಲ್ಲ. ಆತನ ರಕ್ಷಣೆ ಆತನ ಮೈಮೇಲೆಯೇ ಇರತಕ್ಕದ್ದು. ನಾಟಿಯ ವಾರದಲ್ಲಿಯಾಗಲಿ ಕೊಯ್ಲಿನ ವಾರದಲ್ಲಿಯಾಗಲಿ ಮನೆಯ ಒಂದು ಆಳು ಜ್ವರದಿಂದ ಮಲಗಿದರೆ ಆಗುವ ನಷ್ಟವೆಷ್ಟೆಂಬುದನ್ನು ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ರಕ್ಷಣೆಗೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಸಾಧನಗಳು ಹಲವು: ಬೇವಿನೆಣ್ಣೆ, ಹೊಂಗೆಯೆಣ್ಣೆ, ಲಕ್ಕಿಸೊಪ್ಪಿನ ಹೊಗೆ, ಬೆರಣಿಯ ಹೊಗೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ಮಜ್ಜಿಗೆಹುಲ್ಲು. ಇವೆಲ್ಲವೂ ಒಂದೇ ಸಮನಾದ ಗುಣವುಳ್ಳವುಗಳಲ್ಲ. ಕೆಲವು ನಿಜವಾಗಿಯೂ ಪ್ರಯೋಜನಕರ, ಕೆಲವು ಅರ್ಧ ಗಂಟೆಯ ಸಮಾಧಾನ, ಮತ್ತೆ ಕೆಲವು ಅಪಾಯಕರ. ಇವುಗಳಲ್ಲಿ ಬೇವಿನ ಬೀಜದ ಎಣ್ಣೆಯಿಂದ ಮಾಡುವ ಲೇಪನವೇ ನಂಬಿಕೆಗೆ ಹೆಚ್ಚು ಯೋಗ್ಯವಾದುದೆಂದು ತೋರುವುದರಿಂದ ಅದನ್ನು ತಯಾರಿಸುವ ಕ್ರಮವನ್ನು ವಿವರವಾಗಿ ಬರೆದು, ಉಳಿದವುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಲಾಗುವುದು.

ನಾಲ್ಕು ತಾಲ್ಲೂಕುಗಳ ಸ್ಥಿತಿ

ಈ ನಾಲ್ಕು ತಾಲ್ಲೂಕುಗಳೂ ಈಗ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಭೂಮಿಯ ಗುಣದಲ್ಲಿಯೂ ನೀರಿನ ಅನುಕೂಲದಲ್ಲಿಯೂ ಒಂದರಂತೆ ಒಂದಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿಗಳು 1997ರಲ್ಲಿ ಜಿಲ್ಲೆಯು ರಚಿತವಾಗುವುದಕ್ಕೆ ಮುಂಚೆ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಇತ್ತೀಚಿನವರೆಗೆ ಹೊನ್ನಾಳಿಯ ಒಂದು ಭಾಗವಾಗಿದ್ದು ಅನಂತರ ಬೇರೆ ತಾಲ್ಲೂಕಾಯಿತು. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿ, ಹೊನ್ನಾಳಿಗಳ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುವುದು. ನಾಲೆಯ ಅಂಚಿನಲ್ಲಿ ಬಸಿನೀರಿನ ಗುಂಡಿಗಳು ಆಗುವುವು. ಮಲೇರಿಯವನ್ನು ಹರಡುವ ಅನಾಫಿಲಿಸ್ ಸೊಳ್ಳೆಯೂ ರಾತ್ರಿಯೆಲ್ಲ ಕಾಡುವ ಕ್ಯೂಲೆಕ್ಸ್ ಸೊಳ್ಳೆಯೂ ಇಂಥ ನೀರಿನಲ್ಲಿ ಮೊಟ್ಟೆಯಿಡುವುವು. ಸೂಳೆಕೆರೆಯ ಸುತ್ತಿನ ಅಡಿಕೆ ತೋಟಗಳಲ್ಲಿಯೋ ಸ್ಥಿತಿ ಮತ್ತೊಂದು. ಉದುರಿಬಿದ್ದ ಹಾಳೆಯ ಮಡಿಕೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ, ಬಿಸುಟ ಟಯರಿನಲ್ಲಿ ಒಂದು ಬೊಗಸೆ ಮಳೆನೀರು ನಿಂತರೆ ಸಾಕು, ಡೆಂಗಿ ಜ್ವರವನ್ನು ತರುವ ಈಡಿಸ್ ಸೊಳ್ಳೆಗೆ ಅಷ್ಟೇ ಒಂದು ಕೆರೆ.

ಜಗಳೂರಿನಂಥ ಬರದ ಸೀಮೆಯಲ್ಲಿ ಸೊಳ್ಳೆಯ ಕಾಟವಿರಲಾರದೆಂದು ಕೆಲವರು ಎಣಿಸುವುದುಂಟು. ಇದು ಸರಿಯಲ್ಲ. ನೀರು ಅಪರೂಪವಾದ ಕಡೆ ಜನರು ಅದನ್ನು ಡ್ರಮ್ಮು, ಹಂಡೆ, ಸಿಮೆಂಟಿನ ತೊಟ್ಟಿಗಳಲ್ಲಿ ದಿನಗಟ್ಟಲೆ ತುಂಬಿಟ್ಟುಕೊಳ್ಳುವರು. ಈಡಿಸ್ ಸೊಳ್ಳೆಗೆ ಇದಕ್ಕಿಂತ ಪ್ರಿಯವಾದ ಸ್ಥಳವಿಲ್ಲ. ಆದುದರಿಂದ ನೀರು ಹೆಚ್ಚಾದ ಚನ್ನಗಿರಿಗೂ ನೀರಿಲ್ಲದ ಜಗಳೂರಿಗೂ ಈ ವಿಷಯದಲ್ಲಿ ಭೇದವು ಸೊಳ್ಳೆಯ ಜಾತಿಯದೇ ಹೊರತು ಪೀಡೆಯದಲ್ಲ.

ಸೊಳ್ಳೆಗೂ ಜ್ವರಕ್ಕೂ ಇರುವ ಸಂಬಂಧವನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು 1897ರಲ್ಲಿ ಕಂಡುಹಿಡಿದರು. ನಮ್ಮ ಜಿಲ್ಲೆಗೆ ಸಮೀಪವಾದ ಹಿರಿಯೂರಿನಲ್ಲಿಯೂ, ಮೂಡಿಗೆರೆ ಮತ್ತು ನಾಗೇನಹಳ್ಳಿಗಳಲ್ಲಿಯೂ 1930ರ ದಶಕದಲ್ಲಿ ಮೈಸೂರು ಸಂಸ್ಥಾನದವರು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಭ್ಯಾಸಕೇಂದ್ರಗಳನ್ನು ನಡೆಸುತ್ತಿದ್ದರು. ಆ ಕಾಲದ ಮಲೇರಿಯ ಈಗ ಬಹುವಾಗಿ ತಗ್ಗಿದೆ. ಅದರ ಸ್ಥಾನದಲ್ಲಿ ಡೆಂಗಿಯು ಹಳ್ಳಿಗಳಿಗೂ ಕಾಲಿಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಇಲ್ಲಿ ನೆನಪಿನಲ್ಲಿಡತಕ್ಕ ಒಂದು ಅಂಶವೇನೆಂದರೆ, ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುವುದು. ಈಡಿಸ್ ಹಗಲಿನಲ್ಲಿ, ಅದರಲ್ಲಿಯೂ ಬಿಸಿಲೇರುವುದಕ್ಕೆ ಮುಂಚೆ ಮತ್ತು ಹೊತ್ತು ಇಳಿಯುವಾಗ, ಕಚ್ಚುವುದು. ಹೀಗಿರುವುದರಿಂದ ತೋಟದಲ್ಲಿ ಕೆಲಸ ಮಾಡುವವರು ಬೆಳಗ್ಗೆಯೇ ಎಣ್ಣೆ ಹಚ್ಚಿಕೊಳ್ಳಬೇಕಲ್ಲದೆ, ರಾತ್ರಿಗೆ ಮಾತ್ರ ಸಾಕೆಂದು ಬಿಡಕೂಡದು.

ಬೇವಿನೆಣ್ಣೆಯ ಗುಣವೇನು

ಸೊಳ್ಳೆಯು ಮನುಷ್ಯನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ವಾಸನೆಯಿಂದ ಹುಡುಕುವುದೇ ಹೆಚ್ಚು. ನಾವು ಬಿಡುವ ಉಸಿರಿನ ಇಂಗಾಲಾಮ್ಲವು ಅದನ್ನು ದೂರದಿಂದ ಎಳೆಯುವುದು. ಸಮೀಪಕ್ಕೆ ಬಂದಮೇಲೆ ಬೆವರಿನ ವಾಸನೆಯೂ ಮೈಯ ಶಾಖವೂ ಅದಕ್ಕೆ ದಾರಿ ತೋರುವುವು. ದುಡಿದು ಬೆವತವನಿಗೆ ಸೊಳ್ಳೆ ಹೆಚ್ಚಾಗಿ ಮುತ್ತುವುದಕ್ಕೆ ಇದೇ ಕಾರಣ. ಚರ್ಮದ ಮೇಲೆ ತೀವ್ರವಾದ ಬೇರೊಂದು ವಾಸನೆಯನ್ನು ಹರಡಿದರೆ ಕೀಟಕ್ಕೆ ಕೂರುವ ತಾಣ ತಿಳಿಯದಂತಾಗುವುದು, ಇಲ್ಲವೆ ಆ ವಾಸನೆಗೆ ಹಿಮ್ಮೆಟ್ಟುವುದು. ಲೇಪನತೈಲದ ಕೆಲಸವು ಇಷ್ಟೆ. ಅದು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಹಚ್ಚದೆ ಬಿಟ್ಟ ಒಂದಂಗುಲ ಚರ್ಮವಿದ್ದರೆ ಸೊಳ್ಳೆ ಅದನ್ನೇ ಹುಡುಕಿ ಕಚ್ಚುವುದು.

ಬೇವಿನ ಬೀಜವು ಕೀಟಗಳಿಗೆ ಒಗ್ಗದೆಂಬ ಸಂಗತಿಯನ್ನು ಕೃಷಿಶಾಸ್ತ್ರಜ್ಞರು ಬೆಳೆಗಳ ಮೇಲೆ ಮೊದಲು ಪರೀಕ್ಷಿಸಿದರು. 1962ರಲ್ಲಿ ದೆಹಲಿಯಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಅವರ ಸಹೋದ್ಯೋಗಿಗಳು ಬೇವಿನ ಬೀಜದ ನೀರನ್ನು ಚಿಮುಕಿಸಿದ ಬೆಳೆಯನ್ನು ಮಿಡತೆಗಳು ಮುಟ್ಟದೆ ಬಿಟ್ಟುದನ್ನು ತೋರಿಸಿದರು. ಮೈಗೆ ಹಚ್ಚುವ ವಿಷಯದಲ್ಲಿ 1993ರಲ್ಲಿ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು: ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 2 ಭಾಗ ಬೇವಿನೆಣ್ಣೆ ಬೆರೆಸಿ ಹಚ್ಚಿಕೊಂಡವರಿಗೆ ಅನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆಗಳವರೆಗೆ ರಕ್ಷಣೆ ದೊರೆಯಿತು. ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಗಿರಿಜನರ ಹಳ್ಳಿಗಳಲ್ಲಿ ನೂರಕ್ಕೆ 1ರಿಂದ 4 ಭಾಗದವರೆಗೆ ಬೆರೆಸಿ ನೋಡಿದಾಗ, 1995ರಲ್ಲಿ ಪ್ರಕಟವಾದ ವರದಿಯಂತೆ, ರಕ್ಷಣೆಯು ನೂರಕ್ಕೆ 81ರಿಂದ 91ರಷ್ಟಾಯಿತು.

ಈ ಅಂಕಿಗಳನ್ನು ಓದಿ ಒಂದು ಸಾರಿ ಹಚ್ಚಿಕೊಂಡರೆ ಇಡೀ ರಾತ್ರಿಗೆ ಸಾಕೆಂದು ತಿಳಿಯಬಾರದು. ಬೇರೆಡೆಗಳ ಪರೀಕ್ಷೆಗಳಲ್ಲಿ ಇಷ್ಟು ದೀರ್ಘವಾದ ಗುಣ ಕಂಡುಬಂದಿಲ್ಲ. ಈಡಿಸ್ ಸೊಳ್ಳೆಯಂತೂ ಅನಾಫಿಲಿಸ್‌ಗಿಂತ ಹಠಮಾರಿ. ಅದಲ್ಲದೆ ಸುಮ್ಮನೆ ಕುಳಿತವನ ಮೈಮೇಲಿನ ಎಣ್ಣೆ ಬೇರೆ, ಗದ್ದೆಯ ಕೆಸರಿನಲ್ಲಿ ಮೊಳಕಾಲುದ್ದ ಇಳಿದು ಬೆವರು ಸುರಿಸುವವನ ಮೈಮೇಲಿನ ಎಣ್ಣೆ ಬೇರೆ. ಹೊಲಗದ್ದೆಯ ಕೆಲಸಗಾರರು ಎರಡರಿಂದ ಮೂರು ಗಂಟೆಗೊಮ್ಮೆ, ನೀರಿಗೆ ಇಳಿದು ಬಂದಲ್ಲಿ ಮೈಯೊರೆಸಿಕೊಂಡ ಕೂಡಲೆ, ಮತ್ತೆ ಹಚ್ಚಿಕೊಳ್ಳುವುದು ಕ್ಷೇಮ.

ಬೀಜ ಸಂಗ್ರಹ

ಲೇಪನದ ಗುಣವೆಲ್ಲ ಬೀಜದ ಗುಣವನ್ನು ಅವಲಂಬಿಸಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದು ಆವಶ್ಯಕ. ಅನೇಕರು ಬೇವಿನ ಸೊಪ್ಪನ್ನು ಎಣ್ಣೆಯಲ್ಲಿ ಕುದಿಸಿ ಅದನ್ನೇ ಬೇವಿನೆಣ್ಣೆಯೆಂದು ಇಟ್ಟುಕೊಳ್ಳುವರು. ಅದು ಬೇವಿನೆಣ್ಣೆಯಲ್ಲ. ಬೇಕಾದ ಸತ್ವವು ಬೀಜದೊಳಗಿನ ತಿರುಳಿನಲ್ಲಿರುವುದು. ಸೊಪ್ಪಿನಲ್ಲಿ ಎಣ್ಣೆಯ ಅಂಶವೇ ಇಲ್ಲವೆನ್ನಬಹುದು.

ಜಗಳೂರಿನ ಬಯಲುಸೀಮೆಯಲ್ಲಿ ಬೇವಿನ ಮರಗಳಿಗೆ ಕೊರತೆಯಿಲ್ಲ. ಮಳೆಗಾಲ ಮೊದಲಾಗುವ ಹೊತ್ತಿಗೆ ಹಣ್ಣುಗಳು ಹಳದಿಯಾಗಿ ಉದುರುವುವು. ಮರದ ಬುಡವನ್ನು ಗುಡಿಸಿ ಹಳೆಯ ಸೀರೆಯನ್ನೋ ಗೋಣಿಯನ್ನೋ ಹಾಸಿ ಪ್ರತಿದಿನವೂ ಹಣ್ಣನ್ನು ಆರಿಸಿಕೊಳ್ಳತಕ್ಕದ್ದು. ಹಕ್ಕಿಗಳು ತಿರುಳನ್ನು ತಿಂದು ಉದುರಿಸಿದ ಬೀಜವೂ ಒಳ್ಳೆಯದೇ. ಆದರೆ ಅದು ಹಸಿನೆಲದ ಮೇಲೆ ಎರಡು ಮೂರು ದಿನ ಬಿದ್ದಿದ್ದರೆ ಬೂಷ್ಟು ಹಿಡಿಯುವುದು. ಹಣ್ಣುಗಳನ್ನು ನೀರಿನಲ್ಲಿ ನೆನೆಯಹಾಕಿ, ಬಿದಿರಿನ ಬುಟ್ಟಿಯಲ್ಲಿ ಒರಟು ಮರಳಿನೊಡನೆ ತಿಕ್ಕಿ ಸಿಪ್ಪೆ, ಲೋಳೆಗಳನ್ನು ತೆಗೆದು ಚೆನ್ನಾಗಿ ತೊಳೆಯಬೇಕು. ಅನಂತರ ಒಂದು ದಿನ ಎಳೆಬಿಸಿಲಿನಲ್ಲಿಯೂ, ಅಲ್ಲಾಡಿಸಿದರೆ ಒಳಗಿನ ತಿರುಳು ಸದ್ದು ಮಾಡುವವರೆಗೆ ನೆರಳಿನಲ್ಲಿಯೂ ತೆಳ್ಳಗೆ ಹರವಿ ಒಣಗಿಸತಕ್ಕದ್ದು. ಒಣಗಿದ ಬೀಜವನ್ನು ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಪ್ಲಾಸ್ಟಿಕ್ ಚೀಲ ಕೂಡದು. ಅದರೊಳಗೆ ಬೀಜ ಬೆವತು ಕೆಡುವುದು.

ಎಣ್ಣೆಗೆ ತೆಗೆಯುವ ಮುಂಚೆ ನಾಲ್ಕಾರು ಬೀಜಗಳನ್ನು ಒಡೆದು ನೋಡಬೇಕು. ತಿರುಳು ಹಸುರು ಛಾಯೆಯದಾಗಿದ್ದರೆ ಉತ್ತಮ, ಕಂದುಬಣ್ಣದ್ದಾದರೆ ಸಾಧಾರಣ. ಕಪ್ಪಾಗಿ ಪುಡಿಯಾಗುವಂತಿದ್ದರೆ ಆ ಬೀಜವನ್ನು ತಿಪ್ಪೆಗೆ ಹಾಕುವುದೇ ಲೇಸು. ಒಂದು ವರ್ಷಕ್ಕೆ ಮೀರಿದ ಬೀಜದಲ್ಲಿ ಗುಣ ಕಡಿಮೆ.

ಎಣ್ಣೆ ತೆಗೆಯುವ ಬಗೆ

ಒಳ್ಳೆಯ ತಿರುಳಿನಲ್ಲಿ ನೂರಕ್ಕೆ ಸುಮಾರು 40 ಭಾಗದಷ್ಟು ಎಣ್ಣೆಯಿರುವುದು. ಬೀಜ ಹೆಚ್ಚಾಗಿದ್ದರೆ ಗಾಣಕ್ಕೆ ಕೊಡಬಹುದು. ಹಾಗೆ ಕೊಡುವಾಗ ಗಾಣವನ್ನು ಅಡುಗೆಯ ಎಣ್ಣೆಗೆ ಬಳಸುವುದಿಲ್ಲವೆಂದು ಕೇಳಿ ತಿಳಿದುಕೊಳ್ಳಬೇಕು. ಬೇವಿನ ಕಹಿ ಒಂದು ಸಾರಿ ಹಿಡಿದರೆ ಮುಂದಿನ ಹತ್ತು ಸೇರು ಶೇಂಗಾ ಎಣ್ಣೆಯೂ ಕೆಟ್ಟಿತೆಂದೇ ಅರ್ಥ. ಒಂದು ಮನೆಯ ಬಳಕೆಗೆ ಗಾಣದ ಆವಶ್ಯಕತೆ ಇಲ್ಲ, ಕೈಯಿಂದಲೇ ತೆಗೆಯಬಹುದು.

ಬೀಜವನ್ನು ಒರಳಿನಲ್ಲಿ ಹಾಕಿ ಒನಕೆಯಿಂದ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ ಹೊಟ್ಟನ್ನು ಬೇರ್ಪಡಿಸತಕ್ಕದ್ದು. ಉಳಿದ ತಿರುಳನ್ನು ಮತ್ತೆ ಒರಳಿಗೆ ಹಾಕಿ ಅದು ಕಂದುಬಣ್ಣದ ಅಂಟುಮುದ್ದೆಯಾಗುವವರೆಗೆ ಕುಟ್ಟಬೇಕು. ಈ ಮುದ್ದೆಯನ್ನು ಅಗಲವಾದ ಪಾತ್ರೆಗೆ ಹಾಕಿಕೊಂಡು, ಬಿಸಿನೀರನ್ನು ಚಮಚದಷ್ಟು ಚಮಚದಷ್ಟೇ ಚಿಮುಕಿಸುತ್ತ, ರೊಟ್ಟಿಯ ಹಿಟ್ಟು ನಾದುವಂತೆ ನಾದುತ್ತ ಬಂದರೆ ಸ್ವಲ್ಪ ಹೊತ್ತಿನಲ್ಲಿ ಮೇಲೆ ಎಣ್ಣೆ ಒಸರುವುದು. ನೀರು ಹೆಚ್ಚಾದರೆ ಎಣ್ಣೆ ಬಿಡದೆ ಎಲ್ಲವೂ ಗಂಜಿಯಾಗಿ ಹೋಗುವುದರಿಂದ ಇಲ್ಲಿ ಆತುರ ಪಡಕೂಡದು. ಮುದ್ದೆಯನ್ನು ತೆಳುವಾದ ಅರಿವೆಯಲ್ಲಿ ಕಟ್ಟಿ ಹಿಂಡಿ, ಬಂದ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಎರಡು ದಿನ ಅಲುಗಾಡದಂತೆ ಇಟ್ಟರೆ ನೀರೂ ಗಸಿಯೂ ತಳಕ್ಕೆ ಇಳಿಯುವುವು. ಮೇಲಿನ ತಿಳಿಯಾದ ಎಣ್ಣೆಯನ್ನು ಮಾತ್ರ ಬೇರೆ ಸೀಸೆಗೆ ಬಗ್ಗಿಸಿಕೊಳ್ಳಬೇಕು. ಒಲೆಯ ಮೇಲಿಟ್ಟು ಕಾಯಿಸುವುದರಿಂದ ಗುಣ ಕುಂದುವುದು. ಕೈಯ ಒತ್ತಡದಿಂದ ಎಲ್ಲ ಎಣ್ಣೆಯೂ ಹೊರಬೀಳುವುದಿಲ್ಲವಾದರೂ ಒಂದು ಕಿಲೋಗ್ರಾಂ ತಿರುಳಿನಿಂದ ಮನೆಯ ಮಂದಿಗೆ ಬೇಕಾದಷ್ಟು ಸಿಕ್ಕೇ ಸಿಕ್ಕುವುದು. ಉಳಿದ ಹಿಂಡಿಯು ಅಡಿಕೆ, ತೆಂಗಿನ ಬುಡಗಳಿಗೆ ಉತ್ತಮವಾದ ಗೊಬ್ಬರ, ಚೆಲ್ಲಬಾರದು.

ಬೆರೆಸುವ ಪ್ರಮಾಣ

ಅರ್ಧ ಲೀಟರು ಕೊಬ್ಬರಿ ಎಣ್ಣೆಗೆ 10 ಮಿಲಿಲೀಟರು, ಎಂದರೆ ಎರಡು ಚಹಾ ಚಮಚ, ಬೇವಿನೆಣ್ಣೆಯನ್ನು ಸೇರಿಸಿ ಸೀಸೆಯನ್ನು ಚೆನ್ನಾಗಿ ಕುಲುಕಿದರೆ ಲೇಪನ ಸಿದ್ಧವಾಯಿತು. ಚಮಚಗಳು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಔಷಧದ ಸೀಸೆಗಳೊಡನೆ ಬರುವ ಗೀಟು ಹಾಕಿದ ಮುಚ್ಚಳದಿಂದ ಅಳೆಯುವುದು ಮೇಲು. ಹಾಗೆ ಬಳಸಿದ ಮುಚ್ಚಳವನ್ನು ಮತ್ತೆ ಔಷಧಕ್ಕೆ ಉಪಯೋಗಿಸಕೂಡದು. ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಸೀಸೆಯನ್ನು ಬಿಸಿನೀರಿನ ತಂಬಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಕರಗಿಸಿ ಮತ್ತೆ ಕುಲುಕಬೇಕು. ಹಾಗೆ ಮಾಡದಿದ್ದರೆ ಬೇವಿನೆಣ್ಣೆ ಒಂದೆಡೆ, ಕೊಬ್ಬರಿ ಎಣ್ಣೆ ಒಂದೆಡೆ ನಿಲ್ಲುವುದುಂಟು.

ಎರಡು ಚಮಚಕ್ಕೆ ಇಷ್ಟು ಗುಣವಾದರೆ ಹತ್ತು ಚಮಚಕ್ಕೆ ಐದರಷ್ಟಾಗಲಿ ಎಂದು ಬೆರೆಸುವವರು ಪ್ರತಿ ಹಳ್ಳಿಯಲ್ಲಿಯೂ ಇರುವರು. ಪ್ರಮಾಣ ಹೆಚ್ಚಾದಂತೆ ಚರ್ಮದಲ್ಲಿ ಉರಿ, ಕಡಿತ ಕಾಣಿಸುವುದು, ನಾತವಂತೂ ತಡೆಯಲಾರದಷ್ಟಾಗುವುದು. ಮನೆಯ ಹೆಂಗಸರೂ ಹುಡುಗರೂ ನಾತಕ್ಕೆ ಅಸಹ್ಯಪಟ್ಟು ಒಂದೇ ದಿನದಲ್ಲಿ ಸೀಸೆಯನ್ನು ಮೂಲೆಗೆ ಸೇರಿಸಿದರೆ ಎಣ್ಣೆ ಎಷ್ಟು ತೀಕ್ಷ್ಣವಾಗಿದ್ದರೇನು? ನೂರಕ್ಕೆ 2 ಭಾಗ ಸಾಲದೆಂದು ಕಂಡವರು 4 ಭಾಗದವರೆಗೆ ಏರಿಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಖರ್ಚಿನ ಮಾತು. ಒಬ್ಬನ ಕೈಕಾಲು, ಕತ್ತು, ಪಾದಗಳಿಗೆ ಒಂದು ಸಾರಿಗೆ ಸುಮಾರು ಒಂದು ಚಹಾ ಚಮಚ ಲೇಪನ ಬೇಕೆಂದು ಇಟ್ಟುಕೊಳ್ಳೋಣ. ಐದು ಮಂದಿ ದಿನಕ್ಕೆ ಎರಡು ಸಾರಿಯಂತೆ ಹಚ್ಚಿಕೊಂಡರೆ ದಿನಕ್ಕೆ 50 ಮಿಲಿಲೀಟರು, ನೂರು ದಿನಕ್ಕೆ 5 ಲೀಟರು ಆಯಿತು. ಇದರಲ್ಲಿ ಬೇವಿನೆಣ್ಣೆಯ ಭಾಗ 100 ಮಿಲಿಲೀಟರು ಮಾತ್ರ. ಹೀಗೆ ನಿಜವಾದ ವೆಚ್ಚವು ಕೊಬ್ಬರಿ ಎಣ್ಣೆಯದೇ. ತೆಂಗಿನ ತೋಟವುಳ್ಳ ಚನ್ನಗಿರಿಯವರಿಗೆ ಇದು ಭಾರವಾಗಲಾರದು. ಜಗಳೂರಿನಲ್ಲಿ ಶೇಂಗಾ ಎಣ್ಣೆಯಲ್ಲಿ ಬೆರೆಸಿಕೊಳ್ಳಬಹುದು; ಅದು ಜಿಗುಟಾಗಿ ಹೊಲದ ದೂಳನ್ನೆಲ್ಲ ಮೈಗೆ ಹಿಡಿಸುವುದೆಂಬುದೊಂದು ತೊಂದರೆಯುಂಟು, ಮೇಲೆ ಹೇಳಿದ ಪ್ರಯೋಗಗಳು ಕೊಬ್ಬರಿ ಎಣ್ಣೆಯಲ್ಲಿ ನಡೆದವೆಂಬುದೂ ನೆನಪಿರಲಿ. ಐದು ಲೀಟರನ್ನೂ ಒಂದೇ ಸಾರಿ ಬೆರೆಸಿಡುವುದು ಜಾಣತನವಲ್ಲ. ಬೇವಿನೆಣ್ಣೆಯನ್ನು ಬಣ್ಣದ ಗಾಜಿನ ಸೀಸೆಯಲ್ಲಿ, ಬಿಸಿಲು ಬೀಳದ ತಂಪಾದ ಕಡೆ ಬೇರೆಯಾಗಿ ಇಟ್ಟು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬೆರೆಸಿಕೊಳ್ಳತಕ್ಕದ್ದು. ಸೀಸೆಯ ಮೇಲೆ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸುವುದನ್ನು ಮರೆಯಬಾರದು.

ಹಚ್ಚುವ ಕ್ರಮ

ಮೊದಲ ಸಾರಿ ಬಳಸುವವರು ಮುಂಗೈಯ ಒಳಬದಿಯಲ್ಲಿ ಒಂದು ತೊಟ್ಟು ಹಚ್ಚಿ ಒಂದು ದಿನ ನೋಡಬೇಕು. ತುರಿಕೆ, ಕೆಂಪು, ಗುಳ್ಳೆ ಕಾಣಿಸದಿದ್ದರೆ ಮುಂದುವರಿಯಬಹುದು. ಕಣ್ಣಿನ ಸುತ್ತ, ತುಟಿಗೆ, ಗಾಯಗಳಿಗೆ ಹಚ್ಚಕೂಡದು. ಪಾದ ಮತ್ತು ಹರಡಿನ ಸುತ್ತ ಉದಾರವಾಗಿ ಹಚ್ಚತಕ್ಕದ್ದು. ಕುಳಿತು ಕೆಲಸ ಮಾಡುವವರನ್ನು ಸೊಳ್ಳೆಗಳು ಅಲ್ಲಿಯೇ ಹೆಚ್ಚಾಗಿ ಕಚ್ಚುವುವು.

ಅಡಿಕೆ ಸುಲಿಯುವವರ ವಿಷಯದಲ್ಲಿ ಒಂದು ಮಾತು ವಿಶೇಷವಾಗಿ ಹೇಳಬೇಕಾಗಿದೆ. ಸುಗ್ಗಿಯಲ್ಲಿ ಅಂಗಳದ ದೀಪದ ಕೆಳಗೆ ಮೆಟ್ಟುಗತ್ತಿಯ ಮುಂದೆ ರಾತ್ರಿ ಬಹಳ ಹೊತ್ತಿನವರೆಗೆ ಹೆಂಗಸರು ಕುಳಿತಿರುವರು. ಇವರು ಅಂಗೈಗೂ ಬೆರಳುಗಳಿಗೂ ಎಣ್ಣೆ ತಾಗದಂತೆ ನೋಡಿಕೊಳ್ಳತಕ್ಕದ್ದು. ಎಣ್ಣೆಗೈಯಲ್ಲಿ ಕಾಯಿ ಜಾರಿದರೆ ಕತ್ತಿಯು ಬೆರಳಿಗೆ ಬೀಳುವುದು. ಎರಡನೆಯದಾಗಿ, ಅಡಿಕೆಯು ಬಾಯಿಗೆ ಹಾಕಿಕೊಳ್ಳುವ ಪದಾರ್ಥ. ಬೇವಿನ ಕಹಿಯೂ ನಾತವೂ ಅದಕ್ಕೆ ಅಂಟಿದರೆ ಮಂಡಿಯಲ್ಲಿ ಬೆಲೆ ಬೀಳುವುದು ಖಂಡಿತ. ಬೇರೊಬ್ಬರಿಂದ ಹಚ್ಚಿಸಿಕೊಂಡರಾಯಿತು, ಅಥವಾ ಹಚ್ಚಿಕೊಂಡ ಮೇಲೆ ಸೀಗೆಪುಡಿಯಿಂದಲೋ ಸಾಬೂನಿನಿಂದಲೋ ಅಂಗೈ ತೊಳೆದುಕೊಂಡರಾಯಿತು. ಹಾಲು ಕರೆಯುವವರಿಗೂ ಇದೇ ನಿಯಮ. ಕೆಚ್ಚಲಿಗೆ ಬೇವಿನೆಣ್ಣೆ ತಾಗಿದ ದಿನ ಡೈರಿಯವರು ಹಾಲನ್ನು ಹಿಂದಕ್ಕೆ ಕಳುಹಿಸಿದರೆ ತಪ್ಪು ಅವರದಲ್ಲ.

ಮಕ್ಕಳ ವಿಷಯದಲ್ಲಿ ಎಚ್ಚರ ಹೆಚ್ಚಾಗಿರಬೇಕು. ಹಸುಗೂಸುಗಳಿಗೆ ಇದನ್ನು ಹಚ್ಚದೆ ಪರದೆಯೊಳಗೆ ಮಲಗಿಸುವುದೇ ಸರಿಯಾದ ಮಾರ್ಗ. ಬೇವು ಒಳ್ಳೆಯದೆಂಬ ನಂಬಿಕೆಯಿಂದ ಕೆಲವು ಕಡೆ ಕೂಸುಗಳಿಗೆ ಬೇವಿನೆಣ್ಣೆಯನ್ನು ಕುಡಿಸುವ ಪದ್ಧತಿಯಿರುವುದು, ಇದು ಪ್ರಾಣಾಪಾಯಕರ. ಮಲೇಷ್ಯ ದೇಶದಲ್ಲಿ ಹೀಗೆ ಕುಡಿಸಲ್ಪಟ್ಟ ಶಿಶುಗಳಿಗೆ ಸೆಳವು ಬಂದು ಮಿದುಳಿಗೂ ಯಕೃತ್ತಿಗೂ ಹಾನಿಯಾದುದನ್ನು ವೈದ್ಯರು 1981ರಲ್ಲಿಯೇ ವರದಿ ಮಾಡಿದ್ದಾರೆ. ಸೀಸೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕೆಂಬುದೂ, ಹಳೆಯ ಕೆಮ್ಮಿನ ಔಷಧದ ಸೀಸೆಯಲ್ಲಿ ಇದನ್ನು ತುಂಬಿಡಕೂಡದೆಂಬುದೂ ಇದೇ ಕಾರಣದಿಂದ.

ಇತರ ಸಾಧನಗಳು

ಲಕ್ಕಿ, ತುಳಸಿ, ಮಜ್ಜಿಗೆಹುಲ್ಲು ಇವುಗಳ ವಾಸನೆಯನ್ನು ಸೊಳ್ಳೆಗಳು ಒಲ್ಲವೆಂಬುದು ನಿಜ. ಆದರೆ ಇವುಗಳಲ್ಲಿರುವುದು ಬೇಗನೆ ಆವಿಯಾಗಿ ಹೋಗುವ ಸುಗಂಧತೈಲ. ಎಲೆಗಳನ್ನು ನೆರಳಿನಲ್ಲಿ ಬಾಡಿಸಿ, ಕೊಬ್ಬರಿ ಎಣ್ಣೆಯಲ್ಲಿ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಒಂದು ಗಂಟೆ ಕಾಯಿಸಿ ಸೋಸಿಕೊಂಡರೆ ಹಿತವಾದ ವಾಸನೆಯ ಎಣ್ಣೆ ದೊರೆಯುವುದು. ಬೇವಿನ ನಾತವನ್ನು ಮರೆಮಾಡುವುದಕ್ಕೆ ಇದನ್ನು ಮೂಲ ಎಣ್ಣೆಯಾಗಿ ಬಳಸಬಹುದು. ಇದೊಂದನ್ನೇ ನಂಬಿ ಗದ್ದೆಗೆ ಹೋದರೆ ಅರ್ಧ ಕೆಲಸವಾಗುವಷ್ಟರಲ್ಲಿ ಅದರ ಕಾಲ ತೀರಿರುವುದು. ಕರ್ಪೂರದ್ದೂ ಇದೇ ಗತಿ. ಅಲ್ಲದೆ ಕರ್ಪೂರವು ಎಳೆಯ ಮಕ್ಕಳ ಮೈಗಾಗಲಿ ಬಾಯಿಗಾಗಲಿ ಸೇರಿದರೆ ಸೆಳವು ಬರುವುದುಂಟು.

ಹೊಗೆಯ ಪದ್ಧತಿ ನಮ್ಮ ಕೊಟ್ಟಿಗೆಗಳಲ್ಲಿ ಬಹು ಹಳೆಯದು. ಒಡೆದ ಮಡಕೆಯ ತಳದಲ್ಲಿ ಬೆರಣಿಯ ಕೆಂಡವಿಟ್ಟು, ಅರೆಬಾಡಿದ ಬೇವಿನ ಸೊಪ್ಪು, ಲಕ್ಕಿಸೊಪ್ಪುಗಳನ್ನು ಹಾಕಿ ಗಾಳಿ ಬರುವ ದಿಕ್ಕಿನಲ್ಲಿ ಇಟ್ಟರೆ ನುಸಿ, ಸೊಳ್ಳೆ, ನೊಣಗಳು ಆ ಹೊತ್ತಿಗೆ ದೂರವಾಗುವುವು, ದನಗಳು ನೆಮ್ಮದಿಯಾಗಿ ಮೆಲುಕು ಹಾಕುವುವು. ಬಯಲಿನಲ್ಲಿಯೂ ನಾಲ್ಕು ಕಡೆ ತೆರೆದಿರುವ ಕೊಟ್ಟಿಗೆಯಲ್ಲಿಯೂ ಇದಕ್ಕೆ ಅಡ್ಡಿಯಿಲ್ಲ. ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು ಸೊಳ್ಳೆಗಿಂತ ಹೆಚ್ಚಾಗಿ ಮನೆಯವರ ಕಣ್ಣನ್ನೂ ಶ್ವಾಸಕೋಶವನ್ನೂ ಪೀಡಿಸುವುದು; ಉಬ್ಬಸದವರು, ಬಸುರಿಯರು, ಕೂಸುಗಳಿರುವ ಕಡೆ ಸರ್ವಥಾ ಕೂಡದು. ಬಣವೆಯ ಹತ್ತಿರ ಕೆಂಡದ ಮಡಕೆಯನ್ನು ಇಟ್ಟು ಮಲಗಿದವರು ಎಚ್ಚೆತ್ತಾಗ ಬಣವೆಯೇ ಇರುವುದಿಲ್ಲ.

ಸೀತಾಫಲದ ಬೀಜದ ಪುಡಿಯನ್ನು ಎಣ್ಣೆಗೆ ಬೆರೆಸುವವರುಂಟು. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪೊರೆ ಸುಟ್ಟಂತಾಗಿ ದೃಷ್ಟಿಗೆ ಕೇಡಾಗುವುದು. ತಂಬಾಕಿನ ಕಷಾಯದಿಂದ ದನಗಳ ಮೈಯನ್ನೂ ತಮ್ಮ ಕೈಕಾಲುಗಳನ್ನೂ ತೊಳೆಯುವ ಪದ್ಧತಿಯೂ ಬಿಡತಕ್ಕದ್ದು. ಅದರ ವಿಷವು ಚರ್ಮದ ಮೂಲಕವೇ ರಕ್ತಕ್ಕೆ ಸೇರುವುದು. ಇವೆಲ್ಲಕ್ಕಿಂತ ಹೆಚ್ಚಾಗಿ, ಬೆಳೆಗೆ ಹೊಡೆಯುವ ಕೀಟನಾಶಕದಲ್ಲಿ ಒಂದು ಮುಚ್ಚಳದಷ್ಟನ್ನು ಮೈಯೆಣ್ಣೆಗೆ ಸೇರಿಸುವ ಆಲೋಚನೆಯನ್ನು ಯಾರೂ ಮನಸ್ಸಿಗೂ ತಂದುಕೊಳ್ಳಬಾರದು.

ಉಣುಗುಗಳ ವಿಷಯ

ನ್ಯಾಮತಿಯ ಪಶ್ಚಿಮ ಭಾಗದವರೂ, ಮಲೆನಾಡಿನ ತೋಟಗಳಿಗೆ ಕೂಲಿಗೆ ಹೋಗುವವರೂ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಸೊಳ್ಳೆಯಿಂದ ಬರುವುದಲ್ಲ, ಕಾಡಿನ ಉಣುಗಿನಿಂದ ಬರುವುದು. ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆ, ಸೌದೆಗಳಿಗಾಗಿ ಕಾಡಿಗೆ ಹೋಗುವವರಿಗೆ ಇದರ ಭಯ. ನಾವು ವಿವರಿಸಿದ ಬೇವಿನ ಲೇಪನವನ್ನು ಈ ಉಣುಗುಗಳ ಮೇಲೆ ನಂಬಿಕೊಂಡು ಕಾಡಿಗೆ ಹೋಗಕೂಡದು. ಇದಕ್ಕಾಗಿಯೇ ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ಸಿದ್ಧಪಡಿಸಿದ ಡೆಪಾ ತೈಲವನ್ನು ಆರೋಗ್ಯ ಇಲಾಖೆಯವರು ಕಾಯಿಲೆ ಕಾಣುವ ಸೀಮೆಯಲ್ಲಿ ಹಂಚುತ್ತ ಬಂದಿದ್ದಾರೆ. ಅದನ್ನೇ ಕೇಳಿ ಪಡೆಯಬೇಕು. ಮೈಮುಚ್ಚುವ ಬಟ್ಟೆ ತೊಟ್ಟು, ಹಿಂದಿರುಗಿದ ಕೂಡಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೈಯನ್ನೆಲ್ಲ ನೋಡಿಕೊಂಡು ಸ್ನಾನ ಮಾಡತಕ್ಕದ್ದು.

ಅದೇ ರೀತಿ ಮನೆಯಲ್ಲಿಯೋ ನೆರೆಯಲ್ಲಿಯೋ ಡೆಂಗಿಯ ರೋಗಿ ಇರುವಾಗ ಮನೆಯ ಎಣ್ಣೆಯೇ ಸಾಕೆಂಬ ಹಠವೂ ತರವಲ್ಲ. ಆ ದಿನಗಳಲ್ಲಿ ಅಂಗಡಿಯಲ್ಲಿ ದೊರೆಯುವ, ಡೀಟ್ ಎಂಬ ದ್ರವ್ಯವುಳ್ಳ ಲೇಪನವನ್ನು ಅದರ ಮೇಲೆ ಬರೆದಿರುವ ಕ್ರಮದಂತೆ ದೊಡ್ಡವರು ಉಪಯೋಗಿಸುವುದೂ, ರೋಗಿಯನ್ನು ಹಗಲಿನಲ್ಲಿಯೂ ಪರದೆಯೊಳಗೆ ಇಡುವುದೂ ಯುಕ್ತ.

ಲೇಪನದಿಂದ ಹಿಮ್ಮೆಟ್ಟಿದ ಸೊಳ್ಳೆಯು ಎಣ್ಣೆ ಹಚ್ಚದ ನೆರೆಯವನನ್ನು ಹುಡುಕಿಕೊಂಡು ಹೋಗುವುದಷ್ಟೆ. ಅದರ ಸಂತತಿಯನ್ನು ತಗ್ಗಿಸುವುದಕ್ಕೆ ನೀರಿನ ಕಡೆ ನೋಡಬೇಕು. ಮೊಟ್ಟೆಯು ಮರಿಹುಳುವಾಗಿ, ಕೋಶವಾಗಿ, ರೆಕ್ಕೆಯ ಸೊಳ್ಳೆಯಾಗಿ ಹಾರುವುದಕ್ಕೆ ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು, ಸಂತೆಯ ದಿನವೆಂದರೆ ಮರೆಯದು, ಜಗಳೂರಿನವರು ತೊಟ್ಟಿ, ಡ್ರಮ್ಮುಗಳನ್ನು ಬರಿದುಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಏಕೆಂದರೆ ಈಡಿಸ್ ಸೊಳ್ಳೆಯ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಬರಿದುಮಾಡಿದ ನೀರನ್ನು ಚೆಲ್ಲಬೇಕಾಗಿಲ್ಲ, ಸೋಸಿ ದನಗಳಿಗೋ ಗಿಡಗಳಿಗೋ ಬಳಸಬಹುದು. ಚನ್ನಗಿರಿಯ ತೋಟಗಾರರು ಅದೇ ದಿನ ಬಿದ್ದ ಹಾಳೆಗಳನ್ನು ಕೂಡಿಹಾಕಿ, ಚಿಪ್ಪುಗಳನ್ನು ಬೋರಲು ಹಾಕಿ, ಚೊಗರಿನ ಖಾಲಿ ಡ್ರಮ್ಮುಗಳನ್ನು ಮಗುಚಿ ಇಡತಕ್ಕದ್ದು. ಹೊನ್ನಾಳಿಯ ಗದ್ದೆಯವರು ನಾಲೆಯ ಅಂಚಿನ ಗುಂಡಿಗಳಿಗೆ ಕಾಲುವೆ ತೆಗೆದು ಬಸಿದುಹೋಗುವಂತೆ ಮಾಡುವುದೂ, ಬಸಿಯಲಾರದ ಬಾವಿ, ಹೊಂಡಗಳಲ್ಲಿ ಗಪ್ಪಿ ಮೀನನ್ನು ಬಿಡುವುದೂ ಸಾಧ್ಯ. ಈ ಮೀನುಗಳಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.

ಬೇವಿನ ಬೀಜ ಸಂಗ್ರಹಕ್ಕೆ ಅನುಕೂಲವಾದ ಕಾಲವು ವರ್ಷದಲ್ಲ್ಲಿ ಐದಾರು ವಾರಗಳು ಮಾತ್ರ. ಆ ವೇಳೆಗೆ ಬಿತ್ತನೆಯ ಅವಸರವೂ ಸೇರಿಕೊಳ್ಳುವುದರಿಂದ ದೊಡ್ಡವರಿಗೆ ಬಿಡುವು ಕಡಿಮೆ. ಶಾಲೆ ಬಿಟ್ಟು ಬಂದ ಹುಡುಗರು ದಿನಕ್ಕೆ ಒಂದು ಬುಟ್ಟಿಯಂತೆ ಆರಿಸಿದರೂ ವರ್ಷದ ಬಳಕೆಗೆ ಮಿಕ್ಕಿ, ಹೆಚ್ಚಿನ ಬೀಜವನ್ನು ಬದನೆ, ಮೆಣಸಿನ ಗಿಡಗಳಿಗೆ ಹೊಡೆಯುವ ಕಷಾಯಕ್ಕೆ ತೆಗೆದಿಡಬಹುದು.